ಮಣ್ಣೆತ್ತಿನ ಅಮಾವಾಸ್ಯೆಯೊಳಗೆ ಮನೆ ಖಾಲಿ ಮಾಡಿ ಅಂತಿದ್ದಾರೆ, ಏನು ಮಾಡಲಿ?

ಗುಮ್ಮಟದೂರಿನವಳು (ವಿಜಯಪುರ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ಎರಡು ದಿನದಿಂದ ನಿದ್ದೆ ಇಲ್ಲ.

ನಾವು ವಿಜಯಪುರದಲ್ಲಿ ಆಶ್ರಮ ರಸ್ತೆ ಕಡೆ ಒಂದು ಬಾಡಿಗೆ ಮನೆಯಲ್ಲಿ ಆರು ವರ್ಷದಿಂದ ಇದ್ದೇವೆ. ಎರಡು ಖೋಲಿ, ಅಡುಗೆಮನೆ, ಹಿತ್ತಲಲ್ಲಿ ಬಚ್ಚಲು. ನಮ್ಮ ಮನೆಯವರು ಗೂಡ್ಸ್ ಗಾಡಿ ಓಡಿಸುತ್ತಾರೆ, ವಾರದಲ್ಲಿ ನಾಲ್ಕು ದಿನ ಸೊಲ್ಲಾಪುರ, ಹುಬ್ಬಳ್ಳಿ ಅಂತ ರಸ್ತೆ ಮೇಲೇ ಇರುತ್ತಾರೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಗಳು ಏಳನೇ ತರಗತಿ, ಮಗ ನಾಲ್ಕನೇ ತರಗತಿ. ಬಾಡಿಗೆ 6,500, ಡಿಪಾಜಿಟ್ 50,000. ಬಂದ ಹೊಸದರಲ್ಲಿ ಹನ್ನೊಂದು ತಿಂಗಳಿಗೆ ಬಾಂಡ್ ಪೇಪರ್ ಮೇಲೆ ಕರಾರು ಮಾಡಿದ್ದೆವು, ಅದು ನನ್ನ ಹೆಸರಲ್ಲೇ ಇದೆ, ಡಿಪಾಜಿಟ್ ಎಷ್ಟು ಅಂತಲೂ ಬರೆದಿದೆ. ಆಮೇಲೆ ಹೊಸದು ಮಾಡಲೇ ಇಲ್ಲ. ಮಾಲಕರು ವಯಸ್ಸಾದ ಕಾಕಾ. ನಾನೇ ಒಂದು ಸಲ ನೆನಪು ಮಾಡಿದ್ದೆ, "ಕಾಗದ ಯಾಕ ಬೇಕವ್ವ, ನೀ ನನ್ನ ಮಗಳಿದ್ದಂಗ" ಅಂದುಬಿಟ್ಟರು. ನಾವೂ ಸುಮ್ಮನಾದೆವು.

ಕಾಕಾ ಹೋದ ವರ್ಷ ತೀರಿಕೊಂಡರು. ಅವರ ಮಗ ಪುಣೆಯಲ್ಲಿರುತ್ತಾರೆ, ಆವಾಗಿನಿಂದ ಬಾಡಿಗೆಯನ್ನು ಅವರ ಫೋನ್‌ಪೇಗೆ ಹಾಕುತ್ತಿದ್ದೇವೆ. ಒಂದು ತಿಂಗಳೂ ತಪ್ಪಿಸಿಲ್ಲ. ಈಗ ಕಾರಹುಣ್ಣಿಮೆಯ ಮರುದಿನ ಬೆಳಗ್ಗೆ ಎಂಟಕ್ಕೆ ಬಂದು ನಿಂತರು. ಮನೆ ಮಾರುತ್ತಾರಂತೆ, ಗಿರಾಕಿ ಸಿಕ್ಕಿದ್ದಾರಂತೆ. "ಮಣ್ಣೆತ್ತಿನ ಅಮಾಸಿ ಒಳಗ ಖಾಲಿ ಮಾಡ್ರಿ, ಆಷಾಢ ಬಂದ್ರ ಮತ್ತ ನೀವು ಮನಿ ಸಿಗಲ್ಲ ಅಂತ ನೆವ ಹೇಳ್ತೀರಿ" ಅಂದರು. ಮಕ್ಕಳ ಶಾಲೆ ಈಗಷ್ಟೇ ಶುರುವಾಗಿದೆ ಅಂದೆ, ಕೇಳಿಸಿಕೊಳ್ಳಲೇ ಇಲ್ಲ. ಸಂಜೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಬಂತು: ಖಾಲಿ ಮಾಡದಿದ್ದರೆ ಸಾಮಾನು ಹೊರಗೆ ಇಡಿಸುತ್ತೇನೆ, ನನಗೆ ಎಲ್ಲಾ ಗೊತ್ತಿದ್ದಾರೆ ಅಂತ. ಡಿಪಾಜಿಟ್ ಕೇಳಿದರೆ "ಅಪ್ಪ ನನಗೇನೂ ಹೇಳಿಲ್ಲ, ಇದ್ರೂ ಸುಣ್ಣ ಬಣ್ಣಕ್ಕ ಹೋಗ್ತದ" ಅಂತಾರೆ.

ನಿನ್ನೆ ಮಾಳಿಗೆ ಮೇಲಿನ ಟಾಕಿಯ ವಾಲ್ವ್ ಬಂದ್ ಮಾಡಿ ಮಾಳಿಗೆ ಬಾಗಿಲಿಗೆ ಕೀಲಿ ಹಾಕಿದ್ದಾರೆ. ನಮ್ಮ ಕಡೆ ನಲ್ಲಿ ನೀರು ದಿನಾ ಬರಲ್ಲ, ಬಂದ ದಿನ ತುಂಬಿಸಿಟ್ಟುಕೊಳ್ಳಬೇಕು, ಹಾಗಾಗಿ ಟಾಕಿ ಇಲ್ಲ ಅಂದರೆ ಏನೂ ಇಲ್ಲ. ಈಗ ಪಕ್ಕದ ಮನೆ ವೈನಿ ಹತ್ತಿರ ಕೊಡ ಹಿಡಿದು ನಿಲ್ಲುತ್ತಿದ್ದೇನೆ.

ಕರಾರು ಮುಗಿದು ಐದು ವರ್ಷ ಆಯ್ತು ಅಂದರೆ ನಮಗೆ ಹಕ್ಕೇ ಇಲ್ವಾ? ಅವರು ನಿಜವಾಗಲೂ ಸಾಮಾನು ಹೊರಗೆ ಹಾಕಬಹುದಾ? ನಾನು ಮನೆಯಲ್ಲಿ ಒಬ್ಬಳೇ ಇರುವಾಗ ನಾಲ್ಕು ಜನ ಬಂದರೆ ಏನು ಮಾಡಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಬಾಗೇವಾಡಿ ಹುಲಿ ಉತ್ತರ:

ಅಕ್ಕಾ, ಒಂದು ಹೆಜ್ಜೆನೂ ಸರಿಯಬೇಡಿ. ಮೊದಲು ಬಾಡಿಗೆ ಕೊಡೋದು ನಿಲ್ಲಿಸಿ, ಡಿಪಾಜಿಟ್‌ನಲ್ಲಿ ಮುರಿದುಕೊಳ್ಳಲಿ. ಕೋರ್ಟಿಗೆ ಹೋದರೆ ಹತ್ತು ವರ್ಷ ಎಳೆಯುತ್ತೆ, ಅಷ್ಟರಲ್ಲಿ ಹನ್ನೆರಡು ವರ್ಷ ದಾಟಿದರೆ ಮನೆ ನಿಮ್ಮದೇ. ಪುಣೆಯಲ್ಲಿ ಕೂತವನಿಗೆ ವಿಜಯಪುರಕ್ಕೆ ತಿರುಗಾಡೋಕೆ ಎಷ್ಟು ದಿನ ಆಗುತ್ತೆ? ಅವನೇ ಸುಸ್ತಾಗಿ ಕೂರ್ತಾನೆ. ಮಾಳಿಗೆ ಕೀಲಿ ಒಡೆದು ನೀರು ಬಿಟ್ಟುಕೊಳ್ಳಿ.

ಕರಿಕೋಟು (ಬಾಗಲಕೋಟೆ) ಉತ್ತರ:

ಹುಲಿ ಸಾಹೇಬರ ಧೈರ್ಯ ಚೆನ್ನಾಗಿದೆ, ಆದರೆ ಅವರು ಹೇಳಿದಂತೆ ಮಾಡಿದರೆ ಅಕ್ಕಾ ನೀವು ಗೆಲ್ಲುವ ಕೇಸನ್ನು ಸೋಲುತ್ತೀರಿ. ನಾನು ಬಾಗಲಕೋಟೆಯಲ್ಲಿ ವಕೀಲ, ಒಂಬತ್ತು ವರ್ಷದಿಂದ ಇಂಥವೇ ಜಾಸ್ತಿ ನೋಡುತ್ತಿದ್ದೇನೆ. ನಿಮ್ಮ ಕಾಗದ ನಾನು ನೋಡಿಲ್ಲ, ಆದ್ದರಿಂದ ಊರಲ್ಲಿ ಒಬ್ಬರಿಗೆ ತೋರಿಸಿಯೇ ಮುಂದುವರಿಯಿರಿ.

ಮೊದಲು ಆ ಹನ್ನೆರಡು ವರ್ಷದ ಕಥೆ. ಬಾಡಿಗೆದಾರ ಹನ್ನೆರಡಲ್ಲ, ಐವತ್ತು ವರ್ಷ ಇದ್ದರೂ ಬಾಡಿಗೆದಾರನೇ. ಮಾಲಕರ ಒಪ್ಪಿಗೆಯಿಂದ ಒಳಗೆ ಬಂದವರು, ತಿಂಗಳು ತಿಂಗಳು ಬಾಡಿಗೆ ಕೊಟ್ಟವರು, ಇದು ನಮ್ಮದೇ ಮನೆ ಅಂತ ತಿರುಗಿ ಹೇಳಲು ಬರುವುದಿಲ್ಲ. ಕಟ್ಟೆ ಮೇಲೆ ಕೂತು ಇದನ್ನು ಹೇಳಿಕೊಟ್ಟು ಎಷ್ಟು ಮನೆ ಹಾಳು ಮಾಡಿದ್ದಾರೋ. ಬಾಡಿಗೆ ನಿಲ್ಲಿಸುವುದಂತೂ ಬೇಡವೇ ಬೇಡ. ಒಂದೂ ತಿಂಗಳು ತಪ್ಪಿಸಿಲ್ಲ ಅಂದಿರಲ್ಲ, ಆರು ವರ್ಷದ ಆ ಲೆಕ್ಕ ನಿಮ್ಮ ಕೈಯಲ್ಲಿರುವ ಅತಿ ದೊಡ್ಡ ಆಸ್ತಿ. ಅವರು ಫೋನ್‌ಪೇ ಬ್ಲಾಕ್ ಮಾಡಿದರೆ ಬ್ಯಾಂಕ್ ಖಾತೆಗೆ ಹಾಕಿ. ಅದನ್ನೂ ಮಾಡಲಾಗದಂತೆ ಮಾಡಿದರೆ, ಬಾಡಿಗೆ ತಯಾರಿದೆ, ಎಲ್ಲಿಗೆ ಕಳಿಸಲಿ ಅಂತ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಪತ್ರ ಹಾಕಿ ರಸೀದಿ ಇಟ್ಟುಕೊಳ್ಳಿ. ನಮ್ಮ ಹಿರಿಯರು ಮನಿ ಆರ್ಡರ್ ಮಾಡಿ, ವಾಪಸ್ ಬಂದ ಫಾರಂ ಅನ್ನು ಟ್ರಂಕಿನಲ್ಲಿ ಜೋಪಾನ ಮಾಡುತ್ತಿದ್ದರಲ್ಲ, ಅದೇ ಬುದ್ಧಿ.

ಇನ್ನು ನಿಮ್ಮ ಕರಾರು. ಹನ್ನೊಂದು ತಿಂಗಳು ಯಾಕೆ ಅಂದರೆ, ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು, ಆ ಖರ್ಚು ತಪ್ಪಿಸಲು ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಅದು ಮುಗಿದ ಮೇಲೂ ಕಾಕಾ ಬಾಡಿಗೆ ತೆಗೆದುಕೊಂಡರು, ಆಮೇಲೆ ಮಗನೂ ತೆಗೆದುಕೊಂಡರು. ಹಾಗೆ ತೆಗೆದುಕೊಂಡಾಗ ಕಾನೂನು ನಿಮ್ಮನ್ನು ತಿಂಗಳ ಬಾಡಿಗೆದಾರರು ಅಂತ ಹಿಡಿಯುತ್ತದೆ. ಇದು 1882ರ ಟಿ.ಪಿ. ಆ್ಯಕ್ಟ್, ಅಂದರೆ ಆಸ್ತಿ ವರ್ಗಾವಣೆ ಕಾಯ್ದೆಯ 116ನೇ ಕಲಂ. ಕರಾರು ಮುಗಿದಿದೆ, ನೀವು ಕಳ್ಳರ ಹಾಗೆ ಒಳಗೆ ಕೂತಿದ್ದೀರಿ ಅಂತ ಅವರು ಹೇಳಿದರೆ ನಂಬಬೇಡಿ.

ತಿಂಗಳ ಬಾಡಿಗೆದಾರರನ್ನು ಬಿಡಿಸಬೇಕಾದರೆ ಅದೇ ಕಾಯ್ದೆಯ 106ನೇ ಕಲಂ ಪ್ರಕಾರ ಹದಿನೈದು ದಿನದ ನೋಟಿಸ್ ಕೊಡಬೇಕು. ಕಾರಹುಣ್ಣಿಮೆಯಿಂದ ಮಣ್ಣೆತ್ತಿನ ಅಮಾವಾಸ್ಯೆಗೆ ಲೆಕ್ಕಕ್ಕೇನೋ ಒಂದು ಪಕ್ಷ ಆಗುತ್ತದೆ, ಪುಣೆಯವರಿಗೆ ಪಂಚಾಂಗ ಗೊತ್ತಿದೆ, ಕಾನೂನು ಗೊತ್ತಿಲ್ಲ. ನೋಟಿಸ್ ಬರವಣಿಗೆಯಲ್ಲಿರಬೇಕು, ಸಹಿ ಇರಬೇಕು, ಪೋಸ್ಟಿನಲ್ಲಿ ಬರಬೇಕು ಅಥವಾ ನಿಮ್ಮ ಕೈಗೋ ಮನೆಯವರ ಕೈಗೋ ಕೊಡಬೇಕು, ಅದಾಗದಿದ್ದರೆ ಮನೆಗೆ ಅಂಟಿಸಬೇಕು. ಬಾಗಿಲಲ್ಲಿ ನಿಂತು ಹೇಳಿದ್ದು, ವಾಯ್ಸ್ ಮೆಸೇಜ್ ಕಳಿಸಿದ್ದು ನೋಟಿಸ್ ಅಲ್ಲ. ಹದಿನೈದು ದಿನ ಶುರುವಾಗುವುದು ನಿಮಗೆ ತಲುಪಿದ ದಿನದಿಂದ.

ಇಲ್ಲಿ ಒಂದು ಎಚ್ಚರಿಕೆ. ನಿಜವಾದ ನೋಟಿಸ್ ಬಂದರೆ ಪೋಸ್ಟ್‌ಮನ್‌ಗೆ "ನಾವು ತೊಗೊಳ್ಳಂಗಿಲ್ಲ" ಅಂತ ವಾಪಸ್ ಕಳಿಸಬೇಡಿ. ಬೇಡ ಅಂದರೂ ತಲುಪಿದೆ ಅಂತಲೇ ಕೋರ್ಟ್ ಹಿಡಿಯುತ್ತದೆ, ಮೇಲೆ ನೀವು ಹಟಮಾರಿ ಅಂತ ಹೆಸರು ಬರುತ್ತದೆ. ತೆಗೆದುಕೊಳ್ಳಿ, ಲಕೋಟೆಯನ್ನೂ ಇಟ್ಟುಕೊಳ್ಳಿ, ವಕೀಲರಿಂದ ಉತ್ತರ ಕೊಡಿಸಿ.

ಜನ ತಪ್ಪು ತಿಳಿಯುವುದು ಇಲ್ಲೇ. ಹದಿನೈದು ದಿನ ಮುಗಿದ ಕೂಡಲೇ ಹದಿನಾರನೇ ದಿನ ಬಂದು ಸಾಮಾನು ಹೊರಗೆ ಹಾಕಬಹುದು ಅಂತ ಅಲ್ಲ. ನೋಟಿಸ್ ಮುಗಿದ ಮೇಲೂ ನೀವು ಬಿಡದಿದ್ದರೆ ಅವರು ಕೋರ್ಟಿಗೆ ದಾವೆ ಹಾಕಬೇಕು, ನಿಮಗೆ ಸಮನ್ಸ್ ಬರಬೇಕು, ವಿಚಾರಣೆ ಆಗಬೇಕು, ಡಿಕ್ರಿ ಅಂದರೆ ಕೋರ್ಟಿನ ತೀರ್ಪು ಆಗಬೇಕು, ಆ ಡಿಕ್ರಿಯನ್ನು ಜಾರಿ ಮಾಡಿಸಬೇಕು. ಕೊನೆಗೆ ಬಾಗಿಲಿಗೆ ಬರುವುದು ಕೋರ್ಟಿನ ಬೇಲಿಫ್, ಮಾಲಕರ ಗೆಳೆಯರಲ್ಲ. ಸ್ವಂತ ಮನೆಯ ಮಾಲಕನೇ ಆದರೂ, ನೆಲೆಯಾಗಿ ಸ್ವಾಧೀನದಲ್ಲಿರುವವರನ್ನು ಬಲವಂತದಿಂದ ಹೊರಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1989ರಲ್ಲೂ ಹೇಳಿದೆ, ಆಮೇಲೆ ನಮ್ಮ ರಾಜ್ಯದಿಂದಲೇ ಹೋದ ರಾಮೇಗೌಡ ವಿರುದ್ಧ ವರದಪ್ಪ ನಾಯ್ಡು ಕೇಸಿನಲ್ಲೂ ಹೇಳಿದೆ. ಇಂಥ ಕೇಸಿನಲ್ಲಿ ನಾವು ವಕೀಲರು ಇವೆರಡನ್ನು ಓದದೆ ಏಳುವುದೇ ಇಲ್ಲ.

ಬಾಡಿಗೆ ಕಾಯ್ದೆ ಅಂತ ಒಂದಿದೆಯಲ್ಲ ಅಂತ ಯಾರಾದರೂ ಕೇಳುತ್ತಾರೆ, ಮೊದಲೇ ಹೇಳಿಬಿಡುತ್ತೇನೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ. ಅದರಲ್ಲಿ ಬಾಡಿಗೆದಾರರಿಗೆ ರಕ್ಷಣೆ ಜಾಸ್ತಿ. ಮಾಲಕರು ಕಾರಣ ತೋರಿಸಬೇಕು: ಬಾಡಿಗೆ ಬಾಕಿ, ಬೇರೆಯವರಿಗೆ ಒಳಬಾಡಿಗೆ ಕೊಟ್ಟದ್ದು, ತಮಗೇ ವಾಸಕ್ಕೆ ಬೇಕಾದದ್ದು, ಹೀಗೆ. ಆದರೆ ಬಾಡಿಗೆ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ದಾಟಿದರೆ, ಉಳಿದ ಕಡೆ 2,000 ದಾಟಿದರೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಈಗಿನ ಕಾಲದಲ್ಲಿ 3,500ಕ್ಕೆ ಎಲ್ಲಿ ಮನೆ ಸಿಗುತ್ತದೆ, ಹೇಳಿ. ನಿಮ್ಮದು 6,500, ಹಾಗಾಗಿ ನಿಮಗೆ ಟಿ.ಪಿ. ಆ್ಯಕ್ಟೇ ಗತಿ. ಅದರ ಪ್ರಕಾರ ಅವರು ಕಾರಣವನ್ನೇ ಕೊಡಬೇಕಾಗಿಲ್ಲ. ನೋಟಿಸ್ ಸರಿಯಾಗಿದ್ದರೆ ಕೊನೆಗೆ ಒಂದು ದಿನ ಡಿಕ್ರಿ ಅವರ ಪರವೇ ಆಗುತ್ತದೆ. ಸುಳ್ಳು ಸಮಾಧಾನ ಹೇಳಲಾರೆ. ಕಾನೂನು ನಿಮಗೆ ಮನೆ ಕೊಡುವುದಿಲ್ಲ, ಸಮಯ ಕೊಡುತ್ತದೆ. ಅದನ್ನು ಚೌಕಾಶಿಗೆ ಬಳಸಿ. ಸುಮ್ನೆ ಎಳೆಯುತ್ತಾ ಕೂತರೆ, ನೋಟಿಸ್ ಮುಗಿದ ದಿನದಿಂದ ಈಗಿನ ಮಾರುಕಟ್ಟೆ ದರದಲ್ಲಿ ನಷ್ಟಭರ್ತಿ ಕೊಡಿ ಅಂತ ಅವರು ಕೇಳಬಹುದು, ಅದು 6,500ಕ್ಕಿಂತ ಜಾಸ್ತಿಯೇ ಇರುತ್ತದೆ.

ಮನೆ ಮಾರಿದರೂ ನಿಮ್ಮ ಬಾಡಿಗೆ ತಾನಾಗಿ ಮುಗಿಯುವುದಿಲ್ಲ. ಕೊಂಡವರು ಹಳೆಯ ಮಾಲಕರ ಜಾಗದಲ್ಲಿ ಬಂದು ನಿಲ್ಲುತ್ತಾರೆ, ಅವರೂ ಇದೇ ದಾರಿಯಲ್ಲಿ ಬರಬೇಕು. ಮಗ ಇಷ್ಟು ಅವಸರ ಮಾಡುತ್ತಿರುವುದು ಅದಕ್ಕೇ. ಬಾಡಿಗೆದಾರರಿರುವ ಮನೆಗೆ ಗಿರಾಕಿ ಕಡಿಮೆ ರೇಟು ಹೇಳುತ್ತಾನೆ. ಅವರ ಅವಸರಕ್ಕೆ ಬೆಲೆ ಇದೆ ಅನ್ನುವುದು ನಿಮಗೆ ನೆನಪಿರಲಿ.

ನೀರಿನದು ತುರ್ತು. ಕೀಲಿ ಒಡೆಯಬೇಡಿ, ಒಡೆದರೆ ಅವರ ಕೈಗೆ ನೀವೇ ಒಂದು ದೂರು ಕೊಟ್ಟಂತೆ. ಕೀಲಿಯ ಫೋಟೊ, ವಾಲ್ವಿನದು ಸಿಕ್ಕರೆ ಅದರದೂ, ನೀವು ಕೊಡ ಹೊರುವ ವಿಡಿಯೊ, ವಾಯ್ಸ್ ಮೆಸೇಜ್ ಎಲ್ಲಾ ಇನ್ನೊಂದು ಫೋನಿಗೂ ಕಳಿಸಿ ಇಡಿ. ಸಿವಿಲ್ ಕೋರ್ಟಿನಲ್ಲಿ ಶಾಶ್ವತ ನಿರ್ಬಂಧಕಾಜ್ಞೆಗೆ ದಾವೆ ಹಾಕಿ, ಜೊತೆಗೇ ತಾತ್ಕಾಲಿಕ ತಡೆಗೂ ಅರ್ಜಿ ಹಾಕಬಹುದು. ಬಲವಂತದಿಂದ ಹೊರಹಾಕಬಾರದು, ನೀರು ಬಿಡಬೇಕು, ಎರಡನ್ನೂ ಅದರಲ್ಲೇ ಕೇಳಬಹುದು. ಅವರು ಮೊದಲೇ ಕೇವಿಯಟ್, ಅಂದರೆ ನಮ್ಮನ್ನೂ ಕೇಳಿ ಅನ್ನುವ ಅರ್ಜಿ, ಹಾಕಿದ್ದರೆ ಅವರನ್ನು ಕೇಳದೆ ಆದೇಶ ಆಗುವುದಿಲ್ಲ, ಆದ್ದರಿಂದ ತಡ ಮಾಡಬೇಡಿ. ಕರೆಂಟ್ ಮುಟ್ಟಿದರೆ ಅದಕ್ಕೂ ಉತ್ತರ ಇದೆ. ಕರೆಂಟ್ ಮೂಲಭೂತ ಸೌಕರ್ಯ, ಮಾಲಕರು ಒಪ್ಪಿಗೆ ಪತ್ರ ಕೊಡಲಿಲ್ಲ ಅಂತ ಬಾಡಿಗೆದಾರರಿಗೆ ಅದನ್ನು ನಿರಾಕರಿಸುವಂತಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಾಲ್ಕು ಜನ ಬಂದರೆ 112ಕ್ಕೆ ಫೋನ್ ಮಾಡಿ. ಬಾಡಿಗೆ ಮನೆಗೆ ನಿಮ್ಮ ಒಪ್ಪಿಗೆ ಇಲ್ಲದೆ ನುಗ್ಗಿದರೆ ಮಾಲಕನೂ ಅತಿಕ್ರಮಣ ಮಾಡಿದಂತೆಯೇ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 329ನೇ ಕಲಂ, ಬೆದರಿಕೆ ಹಾಕಿದ್ದಕ್ಕೆ 351. ಠಾಣೆಯಲ್ಲಿ ಇದು ಸಿವಿಲ್ ವಿಷಯ ಅಂದರೆ ಜಗಳ ಮಾಡಬೇಡಿ. ದೂರನ್ನು ಬರೆದುಕೊಂಡೇ ಹೋಗಿ, ಸ್ವೀಕೃತಿ ಕೇಳಿ, ಕೇಸು ದಾಖಲಿಸುವುದಿಲ್ಲ ಅಂದರೆ ಅದನ್ನೇ ಬರೆದುಕೊಡಿ ಅಂತ ಹಿಂಬರಹ ಕೇಳಿ. ಆ ಹಿಂಬರಹವೂ ಕೋರ್ಟಿನಲ್ಲಿ ಕೆಲಸಕ್ಕೆ ಬರುತ್ತದೆ.

ಗುಮ್ಮಟದೂರಿನವಳು:

ಅಣ್ಣಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕೈ ಮುಗಿಯುತ್ತೇನೆ. ಓದುತ್ತಾ ಓದುತ್ತಾ ಅರ್ಧ ಜೀವ ಬಂತು. ಆದರೆ ವಕೀಲರ ಫೀ ಎಲ್ಲಿಂದ ತರಲಿ? ಶಾಲೆ ಫೀ ಕಟ್ಟಿ ಈಗಷ್ಟೇ ಕೈ ಖಾಲಿ ಆಗಿದೆ. ಇನ್ನೊಂದು, ಈ ಮನೆಯಲ್ಲಿ ಇದ್ದೇವೆ ಅನ್ನೋದಕ್ಕೆ ಆ ಹಳೆಯ ಕರಾರು ಬಿಟ್ಟರೆ ಬೇರೆ ಕಾಗದ ಇಲ್ಲ ಅನ್ಸುತ್ತೆ.

ಕರಿಕೋಟು:

ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲೇ ಇದೆ. ಕರಾರು ನಿಮ್ಮ ಹೆಸರಲ್ಲಿರುವುದು ಒಳ್ಳೆಯದೇ ಆಯ್ತು. ನಿಮ್ಮ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಆಧಾರ್, ಕರಾರಿನ ಜೆರಾಕ್ಸ್ ತೆಗೆದುಕೊಂಡು ಹೋಗಿ ಒಂದು ಅರ್ಜಿ ಕೊಡಿ. ಫೋನಿನಲ್ಲಿ ಕೇಳಬೇಕಾದರೆ 15100. ಅಲ್ಲಿ ಇನ್ನೂ ಒಂದು ಅನುಕೂಲ ಇದೆ, ದಾವೆ ಹಾಕುವ ಮೊದಲೇ ಎರಡೂ ಕಡೆಯವರನ್ನು ಕರೆಸಿ ಮಾತಾಡಿಸುತ್ತಾರೆ. ಪ್ರಾಧಿಕಾರದ ಕಾಗದ ಪುಣೆಗೆ ಹೋದರೆ ಎಷ್ಟೋ ಮಂದಿ ಅರ್ಧಕ್ಕೆ ಇಳಿದುಬಿಡುತ್ತಾರೆ.

ಕಾಗದ ಇಲ್ಲ ಅಂದಿರಲ್ಲ, ಗೃಹಜ್ಯೋತಿ ಮಾಡಿಸಿದ್ದೀರಾ? ಆ ಮನೆಯ ಹೆಸ್ಕಾಂ ಆರ್.ಆರ್. ನಂಬರಿಗೆ ನಿಮ್ಮ ಆಧಾರ್ ಜೋಡಿಸಿದ್ದರೆ ಅದೇ ಒಂದು ದಾಖಲೆ. ಗ್ಯಾಸ್ ಬುಕ್ಕು, ಮಕ್ಕಳ ಶಾಲೆಯ ದಾಖಲೆಯಲ್ಲಿನ ವಿಳಾಸ, ರೇಷನ್ ಕಾರ್ಡು, ಫೋನ್‌ಪೇ ಹಿಸ್ಟರಿ. ನಿಮ್ಮ ಹೊಲಿಗೆ ಗಿರಾಕಿಗಳೇ ಸಾಕ್ಷಿ ಹೇಳುತ್ತಾರೆ ಬಿಡಿ.

ಗುಮ್ಮಟದೂರಿನವಳು:

ಗೃಹಜ್ಯೋತಿ ನನ್ನ ಆಧಾರ್‌ಗೇ ಇದೆ! ಅದು ಇದಕ್ಕೂ ಉಪಯೋಗ ಆಗುತ್ತೆ ಅಂತ ತಲೆಗೇ ಹೊಳೆದಿರಲಿಲ್ಲ.

ಖಾಸಬಾಗ ಮಗ್ಗ (ಬೆಳಗಾವಿ) ಉತ್ತರ:

ಅಕ್ಕಾವ್ರೇ, ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ, ನೀವು ಹಾಗೆ ಮಾಡಬೇಡಿ ಅಂತ. ನಮ್ಮಪ್ಪ ನೇಕಾರ. ಬೆಳಗಾವಿಯಲ್ಲಿ ಬಾಡಿಗೆ ಮನೆ, ಮುಂದಿನ ಖೋಲಿಯಲ್ಲಿ ಎರಡು ಪವರ್‌ಲೂಮ್, ಹಿಂದೆ ನಾವು ಐದು ಜನ. ಮಾಲಕರ ಅಣ್ಣತಮ್ಮಂದಿರಲ್ಲಿ ಪಾಲಾಗಿ ಮನೆ ತಮ್ಮನಿಗೆ ಬಂತು, ಅವರು ಬಿಡಿ ಬಿಡಿ ಅಂತ ವರ್ಷಗಟ್ಟಲೆ ಹೇಳುತ್ತಿದ್ದರು, ಅಪ್ಪ ಹೂಂ ಹೂಂ ಅಂತ ತಳ್ಳುತ್ತಿದ್ದ. ಭಾರತ ಹುಣ್ಣಿಮೆಗೆ ನಾವೆಲ್ಲಾ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋದೆವು, ಮೂರು ದಿನ. ವಾಪಸ್ ಬಂದು ನೋಡಿದರೆ ನಮ್ಮ ಕೀಲಿ ಮೇಲೆ ಇನ್ನೊಂದು ಕೀಲಿ.

ಒಳಗೆ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು. ಅಮ್ಮನ ಮಾತ್ರೆ ಒಳಗೆ, ನನ್ನ ಪರೀಕ್ಷೆ ಹಾಲ್ ಟಿಕೆಟ್ ಒಳಗೆ. ಠಾಣೆಗೆ ಹೋದೆವು, ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ ಅಂದರು. ಬರೆದುಕೊಡಿ ಅಂತ ಕೇಳಬೇಕು ಅನ್ನೋದು ನಮಗೆ ಯಾರಿಗೆ ಗೊತ್ತಿತ್ತು? ಹಿರಿಯರನ್ನು ಕೂಡಿಸಿ ಪಂಚಾಯ್ತಿ ಮಾಡಿದೆವು, ಇವತ್ತು ನಾಳೆ ಅಂತ ನಾಲ್ಕು ತಿಂಗಳು ಹೋಯ್ತು. ಅಷ್ಟು ದಿನ ಅಪ್ಪ ಬೇರೆಯವರ ಮಗ್ಗದಲ್ಲಿ ಕೂಲಿ ಮಾಡಿದ. ಸ್ವಂತ ಮಗ್ಗ ಕೀಲಿ ಒಳಗೆ ಇಟ್ಟು ಬೇರೆಯವರ ಮಗ್ಗದ ಮುಂದೆ ನಿಲ್ಲೋದು ಅಂದರೆ ಏನು ಅಂತ ನೇಕಾರರಿಗೇ ಗೊತ್ತು.

ಕೊನೆಗೆ ಒಬ್ಬ ವಕೀಲರು ಹೇಳಿದರು, ಹೀಗೆ ಕಾನೂನು ಬಿಟ್ಟು ಹೊರಹಾಕಿದರೆ ಸ್ವಾಧೀನ ವಾಪಸ್ ಕೇಳಿ ದಾವೆ ಹಾಕಬಹುದು, 1963ರ ಸ್ಪೆಸಿಫಿಕ್ ರಿಲೀಫ್ ಆ್ಯಕ್ಟಿನ 6ನೇ ಕಲಂ, ಆದರೆ ಹೊರಹಾಕಿದ ದಿನದಿಂದ ಆರು ತಿಂಗಳೊಳಗೆ ಮಾತ್ರ. ಮನೆ ಯಾರದು ಅನ್ನೋ ಪ್ರಶ್ನೆ ಅದರಲ್ಲಿ ಬರೋದೇ ಇಲ್ಲವಂತೆ, ಒಳಗಿದ್ದವರು ಯಾರು, ಹೇಗೆ ಹೊರಗೆ ಬಂದರು, ಅಷ್ಟೇ. ಇನ್ನೆರಡು ತಿಂಗಳು ಪಂಚಾಯ್ತಿ ಮಾಡಿದ್ದರೆ ಅದೂ ಕೈ ತಪ್ಪುತ್ತಿತ್ತು. ದಾವೆ ಹಾಕಿದ ಮೇಲೆ ಲೋಕ ಅದಾಲತ್‌ನಲ್ಲಿ ರಾಜಿ ಆಯ್ತು. ಮಗ್ಗ ಬಂದವು, ಡಿಪಾಜಿಟ್ ಬಂತು, ಮನೆ ಬಿಟ್ಟೆವು. ಆ ಅರ್ಧ ಸೀರೆ ಇಲಿ ಕಡಿದು ಹಾಳಾಗಿತ್ತು, ಅದರ ದುಡ್ಡು ಯಾರೂ ಕೊಡಲಿಲ್ಲ.

ಅದಕ್ಕೇ ಹೇಳುತ್ತೇನೆ, ಇದು ಇತ್ಯರ್ಥ ಆಗೋವರೆಗೆ ಮನೆ ಪೂರ್ತಿ ಖಾಲಿ ಬಿಟ್ಟು ಎಲ್ಲರೂ ಊರಿಗೆ ಹೋಗಬೇಡಿ. ಒಬ್ಬರಾದರೂ ಇರಿ. ಕರಾರು, ಮಾರ್ಕ್ಸ್ ಕಾರ್ಡು, ಬಂಗಾರ ಏನಾದರೂ ಇದ್ದರೆ ತವರುಮನೆಯಲ್ಲಿ ಇಟ್ಟುಬಿಡಿ.

ಬಾಗೇವಾಡಿ ಹುಲಿ:

ಅಣ್ಣಾ, ಓದಿ ಹೊಟ್ಟೆಗೆ ಹತ್ತಿದಂಗಾಯ್ತು. ಕೀಲಿ ಒಡೆಯೋ ಮಾತು ವಾಪಸ್ ತೆಗೆದುಕೊಂಡೆ. ಬಾಡಿಗೆದೂ. ಆದರೆ ಆ ಪುಣೆಯವನ ಮೇಲೆ ನನ್ನ ಸಿಟ್ಟು ಹಾಗೇ ಇದೆ.

ನವನಗರ ಮಾಸ್ತರ (ಬಾಗಲಕೋಟೆ) ಉತ್ತರ:

ನಾನು ಮಾಲಕ. ಬೈಯಬೇಡಿ, ಪೂರ್ತಿ ಕೇಳಿ. ನಿವೃತ್ತ ಶಿಕ್ಷಕ, ನಮ್ಮ ಹಳೆ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯ್ತು, ನವನಗರದಲ್ಲಿ ನಿವೇಶನ ಸಿಕ್ಕಿತು, ಕಟ್ಟಿದ ಮನೆಯ ಮೇಲಿನ ಅಂತಸ್ತು ಬಾಡಿಗೆಗೆ. ಒಬ್ಬ ಮನುಷ್ಯ ಹದಿನಾಲ್ಕು ತಿಂಗಳು ಬಾಡಿಗೆ ಕೊಡದೆ ಕೂತಿದ್ದ. ಕೇಸು ನಾಲ್ಕು ವರ್ಷ ನಡೆಯಿತು. ಗೆದ್ದೆ, ಆದರೆ ಬಾಕಿ ಇವತ್ತಿಗೂ ಬಂದಿಲ್ಲ. ಮೊದಲನೇ ಉತ್ತರ ಓದಿ ನನಗೆ ಅವನೇ ನೆನಪಾದ.

ತಂಗಿ, ನೀನು ಅಂಥವಳಲ್ಲ ಅಂತ ಗೊತ್ತಾಗುತ್ತದೆ. ಆ ಹುಡುಗ ನೀರು ಬಂದ್ ಮಾಡಿದ್ದು ಶುದ್ಧ ತಪ್ಪು, ಅದಕ್ಕೆ ಎರಡು ಮಾತಿಲ್ಲ. ಆದರೆ ಅವನ ತಲೆಯಲ್ಲಿ ಏನಿದೆ ಅಂತ ಒಬ್ಬ ಮಾಲಕನಾಗಿ ಹೇಳುತ್ತೇನೆ. ಅವನಿಗೆ ಭಯ. ಇವರು ಬಿಡೋದೇ ಇಲ್ವೇನೋ ಅಂತ. ಊರು ಬಿಟ್ಟು ಇಪ್ಪತ್ತು ವರ್ಷ ಆದವನಿಗೆ ನೀನು ಯಾರು, ಅವರಪ್ಪನಿಗೆ ನಿನ್ನ ಮೇಲೆ ಎಷ್ಟು ನಂಬಿಕೆ ಇತ್ತು, ಏನೂ ಗೊತ್ತಿಲ್ಲ. ಆ ಭಯ ಹೋದರೆ ಅರ್ಧ ಜಗಳ ಮುಗಿಯಿತು. ಆದ್ದರಿಂದ ದಿನಾಂಕ ನೀನೇ ಹೇಳು. ಬಿಡುತ್ತೇವೆ ಅಂತ ಸುಮ್ಮನೆ ಅನ್ನಬೇಡ, ದಸರಾ ರಜೆಯಲ್ಲಿ ಇಂಥ ದಿನ ಬಿಡುತ್ತೇವೆ ಅಂತ ಬರೆದುಕೊಡು. ಅವನೂ ಬರೆದುಕೊಡಲಿ, ಅಲ್ಲಿಯವರೆಗೆ ನೀರು ಕರೆಂಟ್ ಮುಟ್ಟಲ್ಲ, ಬಿಡುವ ದಿನ 50,000 ಕೊಡುತ್ತೇನೆ ಅಂತ. ಕೀಲಿಕೈ ಒಂದು ಕೈಯಿಂದ ಕೊಡು, ದುಡ್ಡು ಇನ್ನೊಂದು ಕೈಯಲ್ಲಿ ತೆಗೆದುಕೋ. ಮೊದಲು ಬಿಡ್ರಿ, ಆಮೇಲೆ ಕೊಡ್ತೀನಿ ಅನ್ನುವ ಮಾಲಕರನ್ನು ನಾನೂ ನಂಬಲ್ಲ, ನಾನೇ ಮಾಲಕ ಆಗಿದ್ದರೂ.

ಕಾಕಾಗೆ ಹೆಣ್ಣುಮಕ್ಕಳಿದ್ದಾರಾ? ಇದ್ದರೆ ಅವರ ಜೊತೆ ಒಮ್ಮೆ ಮಾತಾಡು.

ಗುಮ್ಮಟದೂರಿನವಳು:

ಮಾಸ್ತರರೇ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ದೊಡ್ಡವರು ಇಂಡಿಯಲ್ಲಿ, ಸಣ್ಣವರು ಮುದ್ದೇಬಿಹಾಳದಲ್ಲಿ. ಇಂಡಿ ಅಕ್ಕ ಕಾಕಾ ಇದ್ದಾಗ ಬಂದರೆ ನನ್ನ ಹತ್ತಿರವೇ ಬ್ಲೌಸ್ ಹೊಲಿಸುತ್ತಿದ್ದರು. ಹಾಗಾದರೆ ಅವರ ಸಹಿ ಇಲ್ಲದೆ ಇವರೊಬ್ಬರೇ ನಮ್ಮನ್ನು ಬಿಡಿಸೋಕೆ ಆಗಲ್ಲ ಅಲ್ವಾ?

ಕರಿಕೋಟು:

ಅದನ್ನು ಗಟ್ಟಿ ಗೋಡೆ ಅಂದುಕೊಂಡು ಬೆನ್ನು ಕೊಡಬೇಡಿ. ವಾರಸುದಾರರಲ್ಲಿ ಒಬ್ಬರೇ ನೋಟಿಸ್ ಕೊಟ್ಟು ದಾವೆ ಹಾಕಬಹುದು, ಉಳಿದವರು ತಕರಾರು ತೆಗೆಯದಿದ್ದರೆ ಅದು ನಡೆಯುತ್ತದೆ. ಅಣ್ಣತಂಗಿಯರ ನಡುವೆ ನೀವು ಹುಳಿ ಹಿಂಡಿದಂತೆ ಕಂಡರೆ ಇದ್ದ ಮರ್ಯಾದೆಯೂ ಹೋಗುತ್ತದೆ. ಆದರೆ ಮಾತಾಡಲು ಆ ಅಕ್ಕ ಒಳ್ಳೆಯ ದಾರಿ, ಮಾಸ್ತರರ ಬುದ್ಧಿ ಸರಿಯಾಗಿದೆ. ಡಿಪಾಜಿಟ್ ವಿಷಯದಲ್ಲೂ ಮಗ "ಅಪ್ಪ ಹೇಳಿಲ್ಲ" ಅಂದರೆ ನಡೆಯುವುದಿಲ್ಲ. ಅಪ್ಪನ ಆಸ್ತಿ ಬಂದರೆ ಅದರ ಜೊತೆ ಅಪ್ಪನ ಬಾಕಿಯೂ ಬರುತ್ತದೆ. ಕರಾರಿನಲ್ಲಿ ಬರೆದಿದೆ, ಅಷ್ಟು ಸಾಕು. ಸುಣ್ಣ ಬಣ್ಣದ ಬಗ್ಗೆ ಕರಾರಿನಲ್ಲಿ ಏನಾದರೂ ಇದೆಯಾ ನೋಡಿ. ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತೇವೆ ಅಂತ ಇದ್ದರೆ ಅಷ್ಟು ಬಿಡಿ. ಇಲ್ಲದಿದ್ದರೆ, ಬಳಸಿ ಸವೆದದ್ದಕ್ಕೆ ಬಾಡಿಗೆದಾರರು ಹೊಣೆಯಲ್ಲ.

ಹುಲಿ ಸಾಹೇಬರು ಹತ್ತು ವರ್ಷ ಎಳೆಯುತ್ತೆ ಅಂದಿದ್ದರಲ್ಲ, ಎಳೆದರೆ ಹೈಕೋರ್ಟಿಗೂ ಹೋಗಬೇಕಾಗುತ್ತದೆ, ವಿಜಯಪುರದವರಿಗೆ ಅದು ಕಲಬುರಗಿ ಪೀಠ. ನಮ್ಮ ಬಾಗಲಕೋಟೆಯವರಿಗೆ ಧಾರವಾಡ. ಗಾಡಿ ಓಡಿಸುವವರ ಸಂಸಾರಕ್ಕೆ ಕಲಬುರಗಿ ತಿರುಗಾಟ ಬೇಕಾ?

ಗುಮ್ಮಟದೂರಿನವಳು (ಒಂಬತ್ತು ದಿನದ ಮೇಲೆ):

ಹೇಳದೆ ಹೋದರೆ ತಪ್ಪಾಗುತ್ತೆ ಅಂತ ಬಂದೆ. ಪ್ರಾಧಿಕಾರದ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ, ಅಲ್ಲಿದ್ದ ಮೇಡಮ್ ಚೆನ್ನಾಗಿ ಕೇಳಿಸಿಕೊಂಡರು. ಅದೇ ದಿನ ಇಂಡಿ ಅಕ್ಕನಿಗೆ ಫೋನ್ ಮಾಡಿದೆ. ಜಗಳ ಹಚ್ಚಲಿಲ್ಲ, ನೀರು ಬಂದ್ ಆಗಿದೆ ಅಕ್ಕಾ, ಏನು ಮಾಡಲಿ ಅಂತ ಅಷ್ಟೇ ಕೇಳಿದೆ. ಅವರು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ "ನಮ್ಮಪ್ಪನ ಮನ್ಯಾಗ ನೀರು ಬಂದ್ ಮಾಡ್ಯಾನ?" ಅಂದರು. ಮರುದಿನ ಬೆಳಗ್ಗೆ ಮಾಳಿಗೆ ಕೀಲಿ ತೆಗೆದಿತ್ತು.

ಕಾಗದ ಹೋಗುವ ಮೊದಲೇ ಮಗನೇ ಫೋನ್ ಮಾಡಿದರು. ದನಿ ಬೇರೆ ಆಗಿತ್ತು. ನಾನು ಮಾಸ್ತರರು ಹೇಳಿದಂತೆ ದಿನಾಂಕವನ್ನೇ ಹೇಳಿದೆ. ಅವರು ಗಣೇಶ ಚೌತಿಯೊಳಗೆ ಅಂದರು, ನಾನು ದಸರಾ ರಜೆ ಅಂದೆ, ಕೊನೆಗೆ ದಸರಾ ರಜೆಗೇ ಬಂತು, ಬದಲಿಗೆ ಗಿರಾಕಿ ಮನೆ ನೋಡೋಕೆ ಬಂದರೆ ಫೋನ್ ಮಾಡಿ ಬಂದರೆ ತೋರಿಸುತ್ತೇವೆ ಅಂತ ಒಪ್ಪಿದೆವು. ಪ್ರಾಧಿಕಾರದಲ್ಲೇ ಮುಂದಿನ ವಾರ ಇಬ್ಬರೂ ಸಹಿ ಮಾಡೋದು ಅಂತ ಆಗಿದೆ. ಡಿಪಾಜಿಟ್‌ನಲ್ಲಿ ಸುಣ್ಣಕ್ಕೆ ಅಂತ 5,000 ಮುರಿದು 45,000 ಕೊಡುತ್ತಾರೆ. ಕರಾರಿನಲ್ಲಿ ಸುಣ್ಣದ ಮಾತೇ ಇರಲಿಲ್ಲ, ಬಿಡಬೇಕಾಗಿರಲಿಲ್ಲ, ಗೊತ್ತು. ಆದರೆ ಕಾಕಾ ಮನೆ, ಬಿಟ್ಟೆ.

ಮಣ್ಣೆತ್ತಿನ ಅಮಾವಾಸ್ಯೆಗೆ ಮಗ ಇದೇ ಮನೆಯ ಕಟ್ಟೆ ಮೇಲೆ ಎತ್ತು ಮಾಡಿ ಇಟ್ಟ. ಜಲನಗರ ಕಡೆ ಒಂದು ಮನೆ ನೋಡಿದ್ದೇವೆ, 8,000 ಅಂತಾರೆ. ಈ ಸಲ ಕರಾರು ಪ್ರತಿ ವರ್ಷ ಹೊಸದು ಮಾಡಿಸುತ್ತೇನೆ, ಯಾರು ಮಗಳಿದ್ದಂಗ ಅಂದರೂ.

ಕೊನೆಗೊಂದು ಸಣ್ಣ ಪ್ರಶ್ನೆ, ನಗಬೇಡಿ. ಎರಡು ಸೀಲಿಂಗ್ ಫ್ಯಾನ್, ಬಚ್ಚಲಿನ ಗೀಸರ್, ಅಡುಗೆಮನೆಯ ಗೋಡೆಗೆ ಹೊಡೆಸಿದ ಪಾತ್ರೆ ಸ್ಟ್ಯಾಂಡ್ ನಾವೇ ಹಾಕಿಸಿದ್ದು. ತೆಗೆದುಕೊಂಡು ಹೋಗಬಹುದಾ?

ಕರಿಕೋಟು:

ನಗು ಯಾಕೆ, ಅದಕ್ಕೂ ಟಿ.ಪಿ. ಆ್ಯಕ್ಟಿನ 108ನೇ ಕಲಂನಲ್ಲಿ ಜಾಗ ಇದೆ. ನೀವು ಹಾಕಿಸಿದ್ದನ್ನು ಮನೆ ನಿಮ್ಮ ಸ್ವಾಧೀನದಲ್ಲಿ ಇರುವಾಗಲೇ ಬಿಚ್ಚಿಕೊಳ್ಳಿ, ಕೀಲಿಕೈ ಕೊಟ್ಟ ಮೇಲೆ ಅಲ್ಲ. ಗೋಡೆಯ ತೂತಿಗೆ ಸಿಮೆಂಟ್ ಹಚ್ಚಿಸಿ, ವೈರಿಗೆ ಟೇಪ್ ಸುತ್ತಿಸಿ, ಎಲ್ಲಾ ಖೋಲಿಗಳ ವಿಡಿಯೊ ಮಾಡಿಕೊಂಡು ಹೊರಡಿ. ಗೃಹಜ್ಯೋತಿಯನ್ನು ಹಳೆಯ ಆರ್.ಆರ್. ನಂಬರಿನಿಂದ ಬಿಡಿಸೋದು ಮರೆಯಬೇಡಿ, ಇಲ್ಲದಿದ್ದರೆ ಹೊಸ ಮನೆಯಲ್ಲಿ ಬಿಲ್ ಬರುತ್ತದೆ.

ನವನಗರ ಮಾಸ್ತರ:

ಒಂದು ಫ್ಯಾನ್ ಬಿಟ್ಟು ಹೋಗಿ ಅಂತ ಅವನು ಕೇಳಿಯೇ ಕೇಳುತ್ತಾನೆ. ಕೊಡಬೇಡ.